ನದ್ದಾಫರ ಮನೆಯ ಪುಟ್ಟ ಹಾಸಿಗೆ

ನನ್ನ ಮಾವ ಬಕ್ರಿ ನದ್ದಾಫ್ ಹೊಲಿದ ಗಾದಿಯ ಮೇಲೆ ಮಲಗದ ಮದುಮಗಳು ಬಾಬ್ ಅಲ್-ಹದೀದ್ ಕೇರಿಯಲ್ಲೇ ಇಲ್ಲ ಎಂದು ನಮ್ಮತ್ತೆ ನಜ್ಹಾ ಹೇಳುತ್ತಿದ್ದರು. "ಇದ್ದರೆ ಅವಳ ಸಂಸಾರ ನೆಟ್ಟಗಿರಲ್ಲ ಬಿಡು" ಎಂದು ಮಾವ ಸೇರಿಸುತ್ತಿದ್ದರು. ನದ್ದಾಫ್ ಎಂದರೆ ಹತ್ತಿ ಹಿಂಜುವವ, ಅದೇ ಅವರ ಮನೆತನದ ಕಸುಬು. ಅಲೆಪ್ಪೊದಲ್ಲಿ ಗುಂಡಿನ ಸದ್ದು ಕೇಳುತ್ತಿದ್ದ ವರ್ಷಗಳಲ್ಲೂ ಅವರು ಅಂಗಡಿಯ ಅರ್ಧ ಮುರಿದ ಬಾಗಿಲ ಹಿಂದೆ ಕೂತು ಹತ್ತಿ ಹಿಂಜುವ ಬಿಲ್ಲು ಮೀಟಿದವರು. ಊರಿನವರು ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದವರಿಗೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

ಗಡಿ ತೆರೆದ ಮೇಲೆ ನಾನು ಮತ್ತು ಮಗಳು ಲಮೀಸ್ ತುರ್ಕಿಯ ಆಂಟೆಪ್‌ನಿಂದ ಊರಿಗೆ ಮರಳಿದೆವು. ಗಂಡ ಸಬ್ರಿ ಅಲ್ಲಿಯ ಕೆಲಸ ಮುಗಿಸಿಕೊಂಡು ಆಮೇಲೆ ಬರುವವರಿದ್ದರು. ಲಮೀಸ್ ಹುಟ್ಟಿದ್ದು, ಬೆಳೆದದ್ದು, ಶಾಲೆಗೆ ಹೋದದ್ದು ಎಲ್ಲ ತುರ್ಕಿಯಲ್ಲೇ. ಅಜ್ಜ ಅಜ್ಜಿಯನ್ನು ಅವಳು ಫೋನಿನ ಪರದೆಯಲ್ಲಿ ಮಾತ್ರ ನೋಡಿದ್ದಳು. ದಾರಿಯುದ್ದಕ್ಕೂ ಅವಳ ತೊಡೆಯ ಮೇಲೆ ಒಂದು ಪಂಜರ ಇತ್ತು. ಅದರೊಳಗೆ ಅವಳ ಹ್ಯಾಮ್‌ಸ್ಟರ್. ಜೇನಿನ ಬಣ್ಣದ ಮೈ, ಬಿಳಿ ಹೊಟ್ಟೆ, ಕಾಳುಮೆಣಸಿನಂಥ ಕಣ್ಣು. ಹೆಸರು ಫಿಂದಿಕ್. ತುರ್ಕಿಯವರು ಹೇಜಲ್ ಕಾಯಿಗೆ ಹಾಗನ್ನುತ್ತಾರೆ.

ಮನೆ ತಲುಪಿ ಅಪ್ಪುಗೆ, ಅಳು ಎಲ್ಲ ಮುಗಿದ ಮೇಲೆ ಅತ್ತೆಯ ಕಣ್ಣು ಪಂಜರದ ಮೇಲೆ ಬಿತ್ತು.

"ಅಯ್ಯೋ ದೇವರೇ! ಇಲಿ ಓಡಿಸೋಕೆ ಅಂತ ನಾವು ಬೆಕ್ಕು ಸಾಕ್ತೀವಿ. ನೀನು ಇಲೀನ ಪಂಜರದಲ್ಲಿಟ್ಟು ಮೆರವಣಿಗೆ ಮಾಡ್ಕೊಂಡು ಬಂದಿದ್ದೀಯಲ್ಲೇ ಹುಡುಗಿ!"

ಲಮೀಸ್ ಮುಖ ಸಪ್ಪಗಾಯಿತು. ಪಂಜರವನ್ನು ಎದೆಗೆ ಒತ್ತಿಕೊಂಡು ನನ್ನ ಹಿಂದೆ ಸರಿದಳು. ಮಾವ ಅವಳನ್ನು ಹತ್ತಿರ ಕರೆದು ಚಾಪೆಯ ಮೇಲೆ ಕೂರಿಸಿಕೊಂಡರು.

"ಲೋಕದಲ್ಲಿ ಗಿಳಿ ಇದೆ, ಪಾರಿವಾಳ ಇದೆ. ಅದೆಲ್ಲ ಬಿಟ್ಟು ಇದೇ ಯಾಕಮ್ಮ ಬೇಕಾಯ್ತು ನಿಂಗೆ?"

ಅವಳು ಪಂಜರದ ಬಾಗಿಲ ಕೊಂಡಿ ಸರಿಪಡಿಸಿದಳು. ಆಮೇಲೆ ತನ್ನ ತುರ್ಕಿ ಬೆರೆತ ಅರಬ್ಬಿಯಲ್ಲಿ ನಿಧಾನವಾಗಿ ಹೇಳಿದಳು. "ಸ್ಕೂಲಲ್ಲಿ ನನ್ನ ಹೆಸರು ಹಿಡಿದು ಯಾರೂ ಕರೀತಿರ್ಲಿಲ್ಲ ಅಜ್ಜ. 'ಏ ಸಿರಿಯಾದವಳೇ' ಅಂತ್ಲೇ ಕರೆಯೋರು. ಬೈಗುಳ ಥರ. ಒಂದಿನ ಪ್ರಾಣಿ ಮಾರೋ ಅಂಗಡಿ ಮುಂದೆ ನಮ್ಮ ಕ್ಲಾಸಿನವರೆಲ್ಲ ಗುಂಪು ಕಟ್ಟಿಕೊಂಡು ನಿಂತಿದ್ರು. 'ಎಷ್ಟು ಚೆನ್ನಾಗಿದೆ, ಎಷ್ಟು ಮುದ್ದಾಗಿದೆ' ಅಂತಿದ್ರು. ಹೋಗಿ ನೋಡಿದ್ರೆ ಪಂಜರದ ಮೇಲೆ ಬರೆದಿತ್ತು, ಸಿರಿಯಾ ಹ್ಯಾಮ್‌ಸ್ಟರ್ ಅಂತ. ಎಲ್ಲರಿಗೂ ಇಷ್ಟ ಆದ ಸಿರಿಯಾದವಳು ಇವಳೊಬ್ಬಳೇ ಅಜ್ಜ. ಅದಕ್ಕೇ ಅಪ್ಪನ ಹತ್ರ ಹಟ ಮಾಡಿದೆ."

ಅತ್ತೆ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದರು. ಮಾವ ಕನ್ನಡಕ ಹಾಕಿಕೊಂಡು ಪಂಜರಕ್ಕೆ ಬಾಗಿದರು.

"ಇದು ನಮ್ಮ ಕಡೇದೇ ಮಾವ" ಎಂದೆ ನಾನು. ನಾನು ಹಳ್ಳಿಯವಳು, ನನ್ನ ತವರು ಊರಿಂದಾಚೆಯ ಮಸೂರ ಕಾಳಿನ ಹೊಲಗಳ ನಡುವೆ. "ನಮ್ಮ ಹೊಲದಲ್ಲಿ ಬಿಲ ತೋಡ್ಕೊಂಡಿರ್ತವೆ. ಹಿಂದಿನ ಕಾಲದಲ್ಲಿ ಪರದೇಶದೋರು ಇಲ್ಲಿಂದ ಒಂದು ತಾಯಿ, ಅದರ ಮರಿಗಳನ್ನ ಹಿಡ್ಕೊಂಡು ಹೋದ್ರಂತೆ. ಲೋಕದ ಮನೆಮನೇಲಿ ಸಾಕ್ತಿರೋ ಈ ಜಾತಿಯವೆಲ್ಲ ಹೆಚ್ಚುಕಮ್ಮಿ ಆ ಸಂಸಾರದ್ದೇ ಮಕ್ಕಳು ಮೊಮ್ಮಕ್ಕಳಂತೆ."

ಮಾವ ತಲೆ ಎತ್ತಿದರು. "ಹಾಗಾದ್ರೆ ಇವತ್ತು ಊರಿಗೆ ವಾಪಸ್ ಬಂದಿರೋ ಹೆಣ್ಣುಮಕ್ಕಳು ಮೂರು ಜನ ಅನ್ನು."

ಆಮೇಲೆ ಅವರ ಹುಬ್ಬು ಗಂಟಾಯಿತು. ಆಂಟೆಪ್‌ನಿಂದ ಪಂಜರಕ್ಕೆ ಹಾಸಲು ತಂದಿದ್ದ ಮರದ ಹೊಟ್ಟು ಗಡಿಯ ಸಾಲಿನಲ್ಲಿ ಕಾಯುತ್ತಿದ್ದಾಗಲೇ ಒದ್ದೆಯಾದದ್ದರಿಂದ ಎಸೆದಿದ್ದೆವು. ಈಗ ಫಿಂದಿಕ್ ಹರಿದ ನ್ಯೂಸ್‌ಪೇಪರಿನ ಮೇಲೆ ಮುದುಡಿ ಕೂತಿತ್ತು. ಅದರ ಬಿಳಿ ಹೊಟ್ಟೆಗೆ ಶಾಯಿ ಮೆತ್ತಿತ್ತು.

"ಏನಿದು? ಅಲೆಪ್ಪೊದ ಮಗಳು, ನದ್ದಾಫರ ಮನೆಗೆ ಬಂದವಳು, ಹಳೇ ಪೇಪರ್ ಮೇಲೆ ಮಲಗೋದಾ? ಯಾರಾದ್ರೂ ಕಂಡರೆ ನನ್ನ ಮುಖಕ್ಕೆ ಉಗೀತಾರೆ!"

ಮರುದಿನ ಅಂಗಡಿಯಿಂದ ಬರುವಾಗ ಅವರ ಕೈಯಲ್ಲಿ ಒಂದು ಬಿಳಿ ಗಂಟಿತ್ತು. ಹೋದ ಹಂಗಾಮಿನ ಒಳ್ಳೆಯ ಹತ್ತಿ. ಅದನ್ನು ತಾವೇ ಬಿಲ್ಲಿನಲ್ಲಿ ಹಿಂಜಿ ಮೋಡದ ತುಣುಕಿನಂತೆ ಅರಳಿಸಿ ತಂದಿದ್ದರು. ಅಂಥ ಅರಳೆಯನ್ನು ಅವರು ಮದುವೆಯ ದಿಂಬಿಗೂ ಅಳೆದು ಅಳೆದು ತುಂಬುತ್ತಿದ್ದರು.

ಲಮೀಸ್ ಅನುಮಾನದಿಂದ ನೋಡಿದಳು. "ಅಜ್ಜ, ಹತ್ತಿ ಹಾಕಬೇಡ ಅಂತ ಪ್ರಾಣಿ ಅಂಗಡಿಯವನು ಹೇಳಿದ್ದ."

"ಯಾವ ಅಂಗಡಿಯವನು? ಬದುಕಲ್ಲಿ ಒಂದು ಸಲ ಆದ್ರೂ ಬಿಲ್ಲು ಹಿಡಿದಿದ್ನಾ ಅವನು?"

ಬಂದು ಎರಡೇ ದಿನವಾದ ಮನೆಯಲ್ಲಿ ಅಜ್ಜನಿಗೆ ಎದುರಾಡುವುದು ಹೇಗೆಂದು ಅವಳಿಗೆ ತೋಚಲಿಲ್ಲ. ಪಂಜರ ತುಂಬ ಅರಳೆ ಬಿತ್ತು. ಫಿಂದಿಕ್ ಅದನ್ನು ಮೂಸಿತು, ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಮೂಲೆಗೆ ಸಾಗಿಸಿತು, ಗುಂಡಗೆ ಗೂಡು ಮಾಡಿ ನಡುವೆ ಮಲಗಿತು. ಮಾವ ಪಕ್ಕದ ಮನೆಯವರನ್ನೆಲ್ಲ ಕರೆಕರೆದು ತೋರಿಸಿದರು. "ನೋಡಿ, ಎಲ್ಲೆಲ್ಲೋ ಸುತ್ತಾಡಿ ಬಂದವಳಿಗೆ ನಿದ್ದೆ ಹತ್ತಿದ್ದು ನನ್ನ ಹತ್ತಿ ಮೇಲೆ!"

ಆ ಹೆಮ್ಮೆ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಲಮೀಸ್ ಚೀರಿದ್ದು ಕೇಳಿ ನಾವೆಲ್ಲ ಓಡಿದೆವು. ಫಿಂದಿಕ್ ಹಿಂಗಾಲು ಎಳೆಯುತ್ತಾ ಒದ್ದಾಡುತ್ತಿತ್ತು. ಹತ್ತಿಯ ಎಳೆಗಳು ಹುರಿಗೊಂಡು ಅದರ ಕಾಲಿಗೆ ಸುತ್ತಿ ಬಿಗಿದಿದ್ದವು. ಪಾದ ದಾಳಿಂಬೆ ಕಾಳಿನಂತೆ ಕೆಂಪಗೆ ಊದಿತ್ತು.

ಮಾವ ಕಿಟಕಿಯ ಬೆಳಕಿಗೆ ಕೂತರು. ಕನ್ನಡಕ ಏರಿಸಿ, ರೇಷ್ಮೆ ಹೊಲಿಯುವ ತೆಳು ಸೂಜಿ ತೆಗೆದರು.

"ಹಿಡ್ಕೋ ಮಗಳೇ. ಗಟ್ಟಿಯಾಗಿ ಅಲ್ಲ, ಸಡಿಲವಾಗೂ ಅಲ್ಲ."

"ನೋವಾದ್ರೆ ಕಚ್ಚುತ್ತೆ ಅಜ್ಜ."

"ಕಚ್ಚಿದ್ರೆ ನನ್ನ ಬೆರಳಿಗೇ ಬಿಡು, ಸೂಜಿ ತಿಂದು ತಿಂದು ಗಟ್ಟಿಯಾಗಿದೆ."

ಎಳೆಯ ಅಡಿಗೆ ಸೂಜಿಯ ಮೊನೆ ತೂರಿಸಿ ಎತ್ತುವುದು, ಕತ್ತರಿಯ ತುದಿಯಲ್ಲಿ ಕತ್ತರಿಸುವುದು. ಮತ್ತೊಂದು ಎಳೆ, ಮತ್ತೊಂದು. ಅತ್ತೆ ಬಾಗಿಲಲ್ಲಿ ನಿಂತು ಪ್ರಾರ್ಥನೆ ಹೇಳುತ್ತಿದ್ದರು, ಇಲಿ ಎಂದು ಜರೆದದ್ದು ಅವರಿಗೆ ನೆನಪಿರಲಿಲ್ಲ. ಕೊನೆಯ ಎಳೆ ಬಿಟ್ಟಾಗ ಫಿಂದಿಕ್ ಕಾಲು ಜಾಡಿಸಿ ಲಮೀಸ್ ಅಂಗಿಯ ತೋಳಿನೊಳಕ್ಕೆ ನುಗ್ಗಿತು. ಕುರಿಗಳಿಗೆ ಮದ್ದು ಕೊಡುವ ಡಾಕ್ಟರು ಬಂದು ನೋಡಿ ಮುಲಾಮು ಹಚ್ಚಿದರು. ಕಾಲಿಗೆ ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿದರು.

ಆ ದಿನ ಮಾವ ಅಂಗಡಿ ತೆರೆಯಲಿಲ್ಲ. ಪಂಜರದಿಂದ ತೆಗೆದ ಹತ್ತಿಯನ್ನು ಅಂಗೈಯಲ್ಲಿ ಹರಡಿಕೊಂಡು ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಉದ್ದ ಎಳೆ" ಎಂದರು. "ನಮ್ಮ ಹತ್ತಿ ಹೆಚ್ಚುಗಾರಿಕೆಯೇ ಇದು ಅಂತ ಬದುಕಿಡೀ ಕೊಚ್ಕೊಂಡು ಬಂದೆ. ಇವಳ ಕಾಲಿಗೆ ಇದೇ ಉರುಳಾಯ್ತು."

ಅತ್ತೆ ಕಾಫಿ ತಂದಿಟ್ಟು ಕೇಳಿದರು. "ಸೋತ್ರಾ ಮೇಸ್ತ್ರಿ?"

"ಸೋತಿಲ್ಲ ಕಣೇ. ಅಳತೆ ತಗೊಳ್ಳದೆ ಹೊಲಿದುಬಿಟ್ಟೆ."

ಅಲ್ಲಿಂದ ಮನೆಯಲ್ಲಿ ಬೇರೆಯದೇ ಒಂದು ಹುಡುಕಾಟ ಶುರುವಾಯಿತು. ಬಟ್ಟೆಯ ಚೂರು ಬೇಡ, ಅದರಲ್ಲೂ ದಾರ ಇದೆ. ಮರಳು ಭಾರ, ತಂಪು. ಪಕ್ಕದ ಬಡಗಿ ಒಂದು ಚೀಲ ಹೊಟ್ಟು ತಂದುಕೊಟ್ಟ. ದೇವದಾರು ಮರದ್ದು, ಘಮ್ಮೆನ್ನುತ್ತಿತ್ತು. ಅತ್ತೆ ಒಂದು ಹಿಡಿ ತೆಗೆದು ತಮ್ಮ ಬಟ್ಟೆ ಪೆಟ್ಟಿಗೆಯಲ್ಲೂ ಹಾಕಿಕೊಂಡರು. ಪಂಜರದ ಹತ್ತಿರ ಅದನ್ನು ಹಿಡಿಯುತ್ತಿದ್ದಂತೆ ಫಿಂದಿಕ್ ಸೀನಿತು. ಮತ್ತೆ ಮತ್ತೆ ಸೀನಿತು, ಮುಂಗಾಲಿನಲ್ಲಿ ಮೂಗು ಉಜ್ಜಿಕೊಂಡಿತು.

"ಅಜ್ಜ, ಇದು ಬೇಡ" ಎಂದಳು ಲಮೀಸ್. ಈ ಸಲ ಅವಳ ದನಿಯಲ್ಲಿ ಅಳುಕು ಇರಲಿಲ್ಲ.

"ಬೇಡ ಅಂದ್ರೆ ಬೇಡ" ಎಂದು ಮಾವ ಚೀಲದ ಬಾಯಿ ಕಟ್ಟಿದರು. "ನಮಗೆ ಅತ್ತರು, ಅವಳಿಗೆ ಖಾರದ ಪುಡಿ. ನಾವೆಲ್ಲ ನಮ್ಮ ಮೂಗು, ನಮ್ಮ ಬೆನ್ನು ಇಟ್ಕೊಂಡು ಯೋಚನೆ ಮಾಡ್ತಿದ್ದೀವಿ. ಇವಳ ತವರಲ್ಲಿ ಹೇಗೆ ಮಲಗ್ತಾರೋ ಅದನ್ನ ನೋಡಬೇಕು." ನನ್ನ ಕಡೆ ತಿರುಗಿದರು. "ವಿದಾದ್, ನಿನ್ನ ತಮ್ಮನಿಗೆ ಫೋನ್ ಮಾಡು."

ಮರುದಿನ ಪಂಜರವನ್ನೂ ಎತ್ತಿಕೊಂಡು ಹಳ್ಳಿಗೆ ಹೋದೆವು. ನನ್ನ ತಮ್ಮ ಫವ್ವಾಜ್ ಆಗಷ್ಟೇ ಮಸೂರ ಕೊಯ್ಲು ಮುಗಿಸಿದ್ದ. ಹೊಲದಲ್ಲಿ ನಮ್ಮನ್ನು ಕಂಡು, ಬಂದ ಕಾರಣ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ನನ್ನ ಕಾಳು ಕದ್ದು ಬಿಲ ತುಂಬಿಸ್ಕೊಳ್ಳೋ ಕಳ್ಳಿಗೆ ಗಾದಿ ಹೊಲಿಯೋಕೆ ಬಂದ್ರಾ ಮೇಸ್ತ್ರಿ? ನನ್ನ ಮದುವೆ ಗಾದಿಗೆ ತಿಂಗಳುಗಟ್ಲೆ ಕಾಯಿಸಿದ್ರಲ್ಲ!"

"ನಿನ್ನ ಗೊರಕೆಗೆ ಯಾವ ಗಾದಿಯಾದ್ರೂ ನಡೀತಿತ್ತು. ಬಿಲ ತೋರಿಸು."

ಹಳ್ಳದ ದಂಡೆ ಕುಸಿದ ಕಡೆ ಹಳೆಯ ಬಿಲವೊಂದು ಅಡ್ಡಕ್ಕೆ ಸೀಳಿ ತೆರೆದುಕೊಂಡಿತ್ತು. ಒಳಗೆ ಯಾರೂ ಇರಲಿಲ್ಲ. ಬಾಯಿಯಿಂದ ನೆಟ್ಟಗೆ ಕೆಳಗಿಳಿದ ದಾರಿ, ಆಮೇಲೆ ತಿರುವು, ಒಂದು ಕಡೆ ಕಾಳಿನ ಕಣಜ, ಇನ್ನೊಂದು ಕಡೆ ಮಲಗುವ ಕೋಣೆ. ಮಾವ ತಮ್ಮ ಒಳ್ಳೆಯ ನಿಲುವಂಗಿಯಲ್ಲೇ ಮಣ್ಣಿನ ಮೇಲೆ ಬೋರಲು ಮಲಗಿದರು. ಭುಜದವರೆಗೆ ಕೈ ತೂರಿಸಿ ಬೆರಳಲ್ಲಿ ಗೋಡೆ ಸವರಿದರು. ಕೋಣೆಯಿಂದ ಒಂದು ಹಿಡಿ ಹಾಸು ತೆಗೆದು ಅಂಗೈಗೆ ಹಾಕಿಕೊಂಡರು. ಒಣ ಎಲೆ, ಹೊಟ್ಟು, ಕಚ್ಚಿ ಕಚ್ಚಿ ಮೆದುವಾದ ಹುಲ್ಲು. ಮೂಸಿದರು. ಲಮೀಸ್‌ಗೂ ಮೂಸಲು ಕೊಟ್ಟರು.

"ವಾಸನೆಯೇ ಇಲ್ಲ ಅಜ್ಜ."

"ಇಲ್ಲ. ಉದ್ದ ಎಳೆಯೂ ಇಲ್ಲ, ಎಲ್ಲಾ ತುಂಡು ತುಂಡು. ಎಷ್ಟು ಆಳ ನೋಡಿದ್ಯಾ? ಇವಳಿಗೆ ಮೇಲೆ ಮಲಗೋ ಗಾದಿ ಬೇಡ ಮಗಳೇ, ಒಳಗೆ ಹೊಕ್ಕೋ ಗಾದಿ ಬೇಕು." ಅವರು ಎದ್ದು ಕೂತು ಮೈಯ ಮಣ್ಣು ಕೊಡವಿಕೊಳ್ಳುವುದನ್ನೂ ಮರೆತು ನಗುತ್ತಿದ್ದರು. "ಒತ್ತಿದ್ರೆ ಕೂರಬೇಕು, ಕೊರೆದ್ರೆ ನಿಲ್ಲಬೇಕು. ಇಂಥ ಗಾದಿ ನಮ್ಮಪ್ಪನೂ ಹೊಲಿದಿರಲಿಲ್ಲ."

ಕಾಲುವೆಯ ಪಕ್ಕ ಪಾಪ್ಲಾರ್ ಮರಗಳ ಸಾಲಿತ್ತು. ಅದರ ಮರದಿಂದ ಹಣ್ಣಿನ ಪೆಟ್ಟಿಗೆ ಮಾಡುವವನ ಅಂಗಳದಲ್ಲಿ ಬಿಳಿಯ ಹೊಟ್ಟು ಗುಡ್ಡೆ ಬಿದ್ದಿತ್ತು. ಲಮೀಸ್ ಒಂದು ಹಿಡಿ ಮೂಗಿಗೆ ಹಿಡಿದು, ಪಂಜರಕ್ಕೂ ಹಿಡಿದಳು. ಫಿಂದಿಕ್ ಸೀನಲಿಲ್ಲ. ಒಂದು ಚೂರನ್ನು ಮುಂಗಾಲಲ್ಲಿ ಹಿಡಿದು ತಿರುಗಿಸಿ ನೋಡಿತು. ಚೀಲಗಟ್ಟಲೆ ಹೊಟ್ಟು, ಒಂದು ಹೊರೆ ಗೋಧಿ ಹುಲ್ಲು ಹೇರಿಕೊಂಡು ನಾವು ಊರಿಗೆ ಬಂದೆವು.

ಆಮೇಲಿನ ದಿನಗಳಲ್ಲಿ ನಮ್ಮ ಮಹಡಿಯೇ ಕಾರ್ಖಾನೆಯಾಯಿತು. ಹೊಟ್ಟನ್ನು ಬಿಸಿಲಿಗೆ ಹರಡಿ ಒಣಗಿಸಿದರು, ಜರಡಿ ಹಿಡಿದು ದೂಳು ತೆಗೆದರು. ದೂಳೆಲ್ಲ ಅತ್ತೆ ಒಣಹಾಕಿದ ಬಟ್ಟೆಯ ಮೇಲೆ ಕೂತಿತು.

"ನನ್ನ ಮದುವೆ ಗಾದಿಗೂ ಇಷ್ಟು ಬೆವರು ಸುರಿಸಿರಲಿಲ್ಲ ಈ ಮನುಷ್ಯ!" ಎಂದು ಅತ್ತೆ ಕೂಗಿದರು.

"ನಿಂಗೆ ಕೆನ್ನೇಲಿ ಚೀಲ ಇರ್ಲಿಲ್ವಲ್ಲೇ. ಚುಚ್ಚೋ ಭಯ ಇರ್ಲಿಲ್ಲ" ಎಂದರು ಮಾವ ಹುಲ್ಲು ಕತ್ತರಿಸುತ್ತಾ.

ಹುಲ್ಲಿನ ತುದಿ ಚೂಪಾಗಿದ್ದರೆ ಕೆನ್ನೆಯ ಒಳಗೆ ಗಾಯವಾದೀತೆಂದು ಲಮೀಸ್ ಹೇಳಿದ್ದಳು. ಅದಕ್ಕೇ ಅವರು ಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ ಅಂಗೈಗಳ ನಡುವೆ ಉಜ್ಜಿ ಮೆದು ಮಾಡುತ್ತಿದ್ದರು. ಲಮೀಸ್ ಒಂದೊಂದು ಹಿಡಿಯನ್ನೂ ಆರಿಸಿ, ಒರಟಾದದ್ದನ್ನು ಹಿಂದಕ್ಕೆ ಕೊಡುತ್ತಿದ್ದಳು. ಮೇಸ್ತ್ರಿಯ ಕೆಲಸ ತಿರಸ್ಕರಿಸುವ ಧೈರ್ಯ ಆ ಕೇರಿಯಲ್ಲಿ ಯಾರಿಗೂ ಇರಲಿಲ್ಲ. ಅವಳು ಹಿಂದಕ್ಕೆ ಕೊಟ್ಟಾಗಲೆಲ್ಲ ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ.

ಹೊಟ್ಟು ಹೆಚ್ಚು, ಹುಲ್ಲು ಕಡಿಮೆ ಬೆರೆಸಿ ಒಂದು ಹಳೆಯ ಬಾಂಡ್ಲಿಗೆ ಅಂಚು ಮೀರಿ ಗುಡ್ಡೆಯಾಗುವಷ್ಟು ಒತ್ತಿ ತುಂಬಿದರು. ಲಟ್ಟಣಿಗೆಯಿಂದ ಅಡ್ಡಕ್ಕೆ ತೂತು ಕೊರೆದರು. ಮೇಲ್ಭಾಗ ಕುಸಿಯಿತು. ಹುಲ್ಲು ಹೆಚ್ಚು ಮಾಡಿದರು. ಮತ್ತೆ ಕುಸಿಯಿತು. ಪದರ ಪದರವಾಗಿ, ಗಾದಿ ತುಂಬುವ ಹಾಗೆಯೇ, ಒಂದು ಸಲ ಉದ್ದಕ್ಕೆ ಒಂದು ಸಲ ಅಡ್ಡಕ್ಕೆ ಹಾಸಿ ಒತ್ತಿದಾಗ ತೂತು ನಿಂತಿತು. ಲಮೀಸ್ ಬಗ್ಗಿ ಒಂದು ಕಣ್ಣು ಮುಚ್ಚಿ ಅದರೊಳಗಿಂದ ಆಚೆಗಿದ್ದ ಅಜ್ಜನ ಕಣ್ಣನ್ನು ನೋಡಿದಳು. ಇಬ್ಬರೂ ಒಟ್ಟಿಗೆ ಕೂಗಿಕೊಂಡರು.

ಈಗ ತೊಡಕು ಪಂಜರದ್ದು. ಅದರ ತಟ್ಟೆ ಗೇಣುದ್ದವೂ ಆಳವಿರಲಿಲ್ಲ. ಮಾವ ಇಡೀ ಸಂಜೆ ಯೋಚಿಸಿ ಮರುದಿನ ನಮ್ಮನ್ನೆಲ್ಲ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯ ಮುಂದೆಯೇ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಅವರ ಅಪ್ಪ ಹೊಲಿದ ಕೆಂಪು ರೇಷ್ಮೆಯ ರಜಾಯಿ. ಅದು ಮಾರುವುದಕ್ಕಲ್ಲ, ನೋಡುವುದಕ್ಕೆ. ಮಾವ ಪೆಟ್ಟಿಗೆಯ ಬಾಗಿಲು ತೆರೆದು ರಜಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಅದನ್ನು ಗೋಡೆಯ ಮೇಲೆ ಬಿಡಿಸಿ ತೂಗುಹಾಕಿದರು.

"ಅಜ್ಜ, ಅದು ನಿಮ್ಮಪ್ಪನ ಜಾಗ ಅಲ್ವಾ?" ಎಂದಳು ಲಮೀಸ್.

"ನಮ್ಮಪ್ಪ ಒಳ್ಳೇ ಕೆಲಸಕ್ಕೆ ಯಾವತ್ತೂ ಜಾಗ ಬಿಟ್ಟುಕೊಟ್ಟೋನು. ಗೋಡೆ ಮೇಲೆ ಇನ್ನೂ ಚೆನ್ನಾಗಿ ಕಾಣ್ತಾನೆ, ನೋಡು."

ಗಾಜಿನ ಪೆಟ್ಟಿಗೆಗೆ ಮೊಣಕೈ ಮುಳುಗುವಷ್ಟು ಆಳಕ್ಕೆ ಹಾಸು ತುಂಬಿದರು. ಗೂಡಿಗೆಂದು ಮೇಲೆ ಅಚ್ಚಿಲ್ಲದ ಬಿಳಿ ಕಾಗದವನ್ನು ಸಣ್ಣಗೆ ಹರಿದು ಹಾಕಿದ್ದು ಲಮೀಸ್. ಗಾಳಿಯಾಡಲೆಂದು ಮುಚ್ಚಳಕ್ಕೆ ತಂತಿಬಲೆ ಹಾಕಿದರು. ಅವಳು ಫಿಂದಿಕ್ಕನ್ನು ಒಳಗೆ ಬಿಟ್ಟಳು.

ಅದು ಹಿಂಗಾಲ ಮೇಲೆ ನಿಂತು ಮೂಗು ಅಲ್ಲಾಡಿಸಿತು. ಒಂದು ಸುತ್ತು ಬಂದಿತು. ಆಮೇಲೆ ತಲೆ ತಗ್ಗಿಸಿ, ಯಾರೋ ಕರೆದ ಹಾಗೆ, ಒಂದೇ ಸಮನೆ ತೋಡತೊಡಗಿತು. ಹೊಟ್ಟು ಹಿಂದಕ್ಕೆ ಚಿಮ್ಮಿತು. ನೋಡುನೋಡುತ್ತಿದ್ದಂತೆ ಮಾಯವಾಯಿತು.

ನಾವು ಕಾದೆವು. ಲಮೀಸ್ ಉಗುರು ಕಚ್ಚಿಕೊಂಡಳು. "ಮೇಲೆ ಕುಸಿದುಬಿದ್ದಿದ್ರೆ?"

"ಕುಸಿಯೋಕೆ ಅದನ್ನ ಹೊಲಿದವರು ಯಾರು ಅಂತ ಗೊತ್ತಾ?" ಎಂದರು ಮಾವ. ಆದರೆ ಕೈ ಹಿಸುಕಿಕೊಳ್ಳುತ್ತಿದ್ದರು. ಬಂದ ಗಿರಾಕಿಯೊಬ್ಬನನ್ನು "ನಾಳೆ ಬಾ" ಎಂದು ಕಳಿಸಿಬಿಟ್ಟರು.

ಗಾಜಿಗೆ ಅಂಟಿಕೊಂಡ ಹಾಗೆ ಕೆಳಗೆ ಒಂದು ಮೂಗು ಕಾಣಿಸಿತು. ಆಮೇಲೆ ಅದರ ಹಿಂದೆ ನುಣ್ಣಗೆ, ದುಂಡಗೆ ಒಂದು ದಾರಿ. ಹೊಲದಲ್ಲಿ ನೋಡಿದ ಬಿಲದ ಹಾಗೆಯೇ ನೆಟ್ಟಗೆ ಇಳಿದು ತಿರುಗಿತ್ತು. ಸಂಜೆಯೊಳಗೆ ಅದು ಕಾಗದವನ್ನೆಲ್ಲ ಕೆನ್ನೆಯಲ್ಲಿ ಸಾಗಿಸಿ ಕೋಣೆ ಮಾಡಿಕೊಂಡು ಮಲಗಿತು. ಪಂಜರದಲ್ಲೇ ಹುಟ್ಟಿದ, ಹೊಲದ ಮಣ್ಣನ್ನೇ ನೋಡದ ಜೀವಕ್ಕೆ ಅದನ್ನು ಕಲಿಸಿದವರು ಯಾರು? ಮಾವ ಗಾಜಿಗೆ ಹಣೆ ಒತ್ತಿಕೊಂಡು ನಿಂತಿದ್ದರು. "ಮರೆತಿಲ್ಲ ನೋಡು, ಮರೆತಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

ಸುದ್ದಿ ಕೇರಿಯಲ್ಲಿ ಹರಡಿತು. ಶಾಲೆ ಬಿಟ್ಟ ಮಕ್ಕಳು ಅಂಗಡಿಯ ಮುಂದೆ ಮುಗಿಬಿದ್ದರು. ದೊಡ್ಡವರೂ ಏನೋ ನೆಪ ಹೇಳಿ ಬಂದು ನೋಡಿದರು. ಒಂದು ದಿನ ಜುಮಾನಾ ಎಂಬ ಹೆಂಗಸು ಮದುವೆ ಗೊತ್ತಾದ ಮಗಳೊಂದಿಗೆ ಬಂದಳು. ಕೇರಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಗಾಜಿನ ಪೆಟ್ಟಿಗೆ ಕಂಡು ಮೂಗು ಮುರಿದಳು.

"ಏನ್ ಮೇಸ್ತ್ರಿ, ಇಲಿಗೆ ಗಾದಿ ಹಾಸೋ ಮಟ್ಟಕ್ಕೆ ಬಂದ್ರಾ? ನಮ್ಮ ಹುಡುಗಿ ಗಾದೀನೂ ಇಲ್ಲೇ ಹೊಲಿಸಬೇಕಾ ಅಂತ ಯೋಚನೆ ಆಗ್ತಿದೆ."

ಮಾವ ಬಾಯಿ ತೆರೆಯುವ ಮೊದಲೇ ಲಮೀಸ್ ಮುಂದೆ ಬಂದಳು. "ಇಲಿ ಅಲ್ಲ ಚಿಕ್ಕಮ್ಮ. ಅಲೆಪ್ಪೊದವಳು. ಇಡೀ ಲೋಕ ಇವಳನ್ನ ಮನೇಲಿಟ್ಟು ಸಾಕುತ್ತೆ. ನೀವು ಊರಲ್ಲೇ ಇದ್ದು ಗುರುತು ಹಿಡೀಲಿಲ್ವಲ್ಲ!"

ಅಂಗಡಿ ತುಂಬ ನಗು ಎದ್ದಿತು. ಜುಮಾನಾಳ ಮಗಳೇ ಮೊದಲು ನಕ್ಕಳು. ಲಮೀಸ್‌ಳ ಅರಬ್ಬಿಯಲ್ಲಿ ಇನ್ನೂ ತುರ್ಕಿಯ ಎಳೆತ ಇತ್ತು, ಅದನ್ನು ಅವಳು ಮುಚ್ಚಿಕೊಳ್ಳಲಿಲ್ಲ. ಮಾವ ಅವಳ ತಲೆಯ ಮೇಲೆ ಕೈಯಿಟ್ಟು ಜುಮಾನಾಗೆ ಹೇಳಿದರು. "ಇಷ್ಟು ವರ್ಷ ನಾನು ಗಾದಿ ಹೊಲಿದದ್ದು ಮದುಮಗಳ ಅಮ್ಮಂದಿರು ಹೇಳಿದ ಹಾಗೆ ತಾಯಿ. ಮಲಗೋಳನ್ನ ಕೇಳಿ ಹೊಲಿದದ್ದು ಇದೇ ಮೊದಲು. ಇನ್ಮೇಲೆ ಹಾಗೇ ಹೊಲಿಯೋದು." ಆಮೇಲೆ ಹುಡುಗಿಯ ಕಡೆ ತಿರುಗಿದರು. "ಹೇಳಮ್ಮ, ನೀನು ಮಗ್ಗುಲಾಗಿ ಮಲಗ್ತೀಯೋ, ಬೆನ್ನ ಮೇಲೋ?"

ಹುಡುಗಿ ಕೆಂಪಾದಳು. "ಮಗ್ಗುಲಾಗಿ. ನಂಗೆ ತುಂಬಾ ಮೆತ್ತಗಿದ್ರೆ ಸೊಂಟ ನೋಯುತ್ತೆ. ಅಮ್ಮಂಗೆ ಹೇಳಿದ್ರೆ ಕೇಳಲ್ಲ."

ಜುಮಾನಾ ಮಗಳ ಮುಖ ನೋಡಿದಳು. ಗಾದಿಯ ಕೆಲಸವನ್ನು ಅಲ್ಲೇ ಒಪ್ಪಿಸಿ ಹೋದಳು.

ಆ ಗಾದಿ, ರಜಾಯಿ, ದಿಂಬುಗಳು ಸಿದ್ಧವಾದ ದಿನ ನಮ್ಮ ಕಡೆಯ ರೂಢಿಯಂತೆ ಅವುಗಳನ್ನು ಮೆರವಣಿಗೆಯಲ್ಲಿ ಮದುಮಗಳ ಹೊಸ ಮನೆಗೆ ಒಯ್ದರು. ಡೋಲು ಬಡಿಯುವವರ ಹಿಂದೆ ಮಾವ ಹೆಗಲ ಮೇಲೆ ರಜಾಯಿ ಹೊತ್ತಿದ್ದರು. ಅವರ ಪಕ್ಕ ಲಮೀಸ್ ತಲೆಯ ಮೇಲೆ ಒಂದು ದಿಂಬು ಇಟ್ಟುಕೊಂಡು, ಕೈ ಬಿಟ್ಟು, ಕತ್ತು ನೆಟ್ಟಗೆ ಮಾಡಿ ನಡೆಯುತ್ತಿದ್ದಳು. ಅದರ ಒಂದು ಅಂಚನ್ನು ಅವಳೇ ಹೊಲಿದಿದ್ದಳು. ಹೊಲಿಗೆ ತುಸು ಸೊಟ್ಟಗಿತ್ತು. ಬಿಚ್ಚಿ ಹೊಲಿಯಲು ಮಾವ ಬಿಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತ ಮುದುಕಿಯೊಬ್ಬಳು ಕೂಗಿ ಕೇಳಿದಳು. "ಮೇಸ್ತ್ರಿ, ಆ ಹುಡುಗಿ ಯಾರ ಮಗಳು?"

ಡೋಲಿನ ಸದ್ದಿನಲ್ಲೂ ಇಡೀ ಕೇರಿಗೆ ಕೇಳುವ ಹಾಗೆ ಮಾವ ಉತ್ತರ ಕೊಟ್ಟರು. "ನಮ್ಮ ಸಬ್ರಿ ಮಗಳು, ಲಮೀಸ್! ನದ್ದಾಫರ ಮನೆಯವಳು!" ಲಮೀಸ್ ತಿರುಗಿ ನೋಡಲಿಲ್ಲ, ನೋಡಿದ್ದರೆ ದಿಂಬು ಬೀಳುತ್ತಿತ್ತು. ಆದರೆ ಅವಳು ನಕ್ಕಿದ್ದು ಹಿಂದೆ ಬರುತ್ತಿದ್ದ ನನಗೆ ಅವಳ ಕೆನ್ನೆಯಲ್ಲೇ ಕಾಣಿಸಿತು.